ಓದಲಾಗದ ಲಾಗ್ ಯಾರಿಗಾಗಿ?

ಕಂಪ್ಯೂಟರ್ ಕೈಕೊಟ್ಟಾಗ ಒಳಗೆ ಏನು ನಡೆಯಿತೆಂದು ಹೇಳುವ ದಾಖಲೆ ಸಿಸ್ಟಂ ಲಾಗ್. ಅದನ್ನು ತೋರಿಸುವುದಕ್ಕೆಂದೇ ಇರುವ ತಂತ್ರಾಂಶ ಅಕ್ಷರಗಳನ್ನೇ ಕಾಣದಂತೆ ಮಾಡಿದರೆ ಏನು ಪ್ರಯೋಜನ? ನಾನು ಬಳಸುವ ಲಿನಕ್ಸ್ ಡೆಸ್ಕ್‌ಟಾಪಿನ ಲಾಗ್ ವ್ಯೂವರ್ ಸಾಮಾನ್ಯ ಸಂದೇಶಗಳನ್ನು ನೀಲಿಯಲ್ಲೂ ಎಚ್ಚರಿಕೆಗಳನ್ನು ಹಳದಿಯಲ್ಲೂ ತೋರಿಸುತ್ತದೆ. ಡಾರ್ಕ್ ಥೀಮ್ ಆರಿಸಿದೊಡನೆ ಹಿನ್ನೆಲೆಯೇನೋ ಕಪ್ಪಾಗುತ್ತದೆ. ಆದರೆ ಅಕ್ಷರದ ಬಣ್ಣವನ್ನು ಥೀಮಿನಿಂದ ಪಡೆಯದೆ ಕೋಡಿನಲ್ಲೇ ಬರೆದಿಟ್ಟಿರುವುದರಿಂದ ನೀಲಿ ನೀಲಿಯಾಗಿಯೇ ಉಳಿದು ಆ ಕಪ್ಪಿನಲ್ಲಿ ಮುಳುಗಿಹೋಗುತ್ತದೆ. ಬಿಳಿ ಥೀಮಿಗೆ ಮರಳಿದರೆ ಎಚ್ಚರಿಕೆಯ ಸಾಲುಗಳು ಮಾಯ. ವೆಬ್ ಪುಟಗಳಿಗಾಗಿ 2008ರಲ್ಲಿ ಬಂದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ, ಇರಬೇಕೆನ್ನುತ್ತದೆ. ಅದರ ಸೂತ್ರದಂತೆ ಲೆಕ್ಕ ಹಾಕಿದರೆ ಕಪ್ಪಿನ ಮೇಲಿನ ಅಪ್ಪಟ ನೀಲಿಗೆ ದಕ್ಕುವುದು ಸುಮಾರು 2.4, ಬಿಳಿಯ ಮೇಲಿನ ಅಪ್ಪಟ ಹಳದಿಗೆ ಕೇವಲ 1.07. ಲಾಗ್ ಬರೆಯುವ ಸಿಸ್‌ಲಾಗ್ ಎಂಬ ಪದ್ಧತಿಯಲ್ಲಿ ಸಂದೇಶಗಳನ್ನು ತೀವ್ರತೆಗೆ ತಕ್ಕಂತೆ 0ಯಿಂದ 7ರವರೆಗೆ ಎಂಟು ಹಂತಗಳಾಗಿ ವಿಂಗಡಿಸಿರುವುದೇ ಮುಖ್ಯವಾದದ್ದು ಮೊದಲು ಕಣ್ಣಿಗೆ ಬೀಳಲಿ ಎಂದು. ಇಲ್ಲಿ ಅದೇ ಮೊದಲು ಮರೆಯಾಗುತ್ತದೆ.

ಬಣ್ಣಕ್ಕಿಂತ ಹೆಚ್ಚು ಕೆರಳಿಸುವುದು ಸಾಲುಗಳನ್ನು ಕತ್ತರಿಸುವ ರೀತಿ. ಕಿಟಕಿಯ ಅಗಲಕ್ಕೆ ಹಿಡಿಸದ ಸಂದೇಶವನ್ನು ಮುಂದಿನ ಸಾಲಿಗೆ ಇಳಿಸುವ ಬದಲು ಈ ವ್ಯೂವರ್ ಮೂರು ಚುಕ್ಕಿ ಇಟ್ಟು ಮುಗಿಸಿಬಿಡುತ್ತದೆ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಸಂಪ್ರದಾಯದಲ್ಲಿ ಬರೆದ ದೋಷಸಂದೇಶಗಳಲ್ಲಿ ಮೊದಲು ತಂತ್ರಾಂಶದ ಹೆಸರು, ನಂತರ ಕಡತದ ಉದ್ದನೆಯ ವಿಳಾಸ ಬಂದು, ಅನುಮತಿ ಇಲ್ಲವೆಂಬುದೋ ಕಡತವೇ ಇಲ್ಲವೆಂಬುದೋ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಬಾಲ ಕತ್ತರಿಸಿದರೆ ಹೋಗುವುದು ನಾವು ಹುಡುಕುತ್ತಿದ್ದ ಕಾರಣವೇ. ಕಡತದ ಹೆಸರು ಕನ್ನಡದಲ್ಲಿದ್ದರಂತೂ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದಿಟ್ಟ ಸಾಲಿನಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗಿ, ಯಾವ ಕಡತವೆಂದು ಊಹಿಸಬೇಕಾಗುತ್ತದೆ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿದರೆ ಮೆನುಗಳು ದೊಡ್ಡದಾಗುತ್ತವೆ, ಲಾಗ್ ಮಾತ್ರ ಇರುವೆ ಸಾಲಿನಂತೆ ಹಾಗೆಯೇ ಇರುತ್ತದೆ.

ಆಜ್ಞೆಗಳನ್ನು ಟೈಪಿಸುವ ಟರ್ಮಿನಲ್ ಕಿಟಕಿ ತೆರೆದು, ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಆಜ್ಞೆ ಬಳಸಿ ಎಂದು ಸಲಹೆ ಕೊಡುವವರ ಮೇಲೆ ನನಗೆ ಇನ್ನಷ್ಟು ಸಿಟ್ಟು. ಆ ಆಜ್ಞೆ ನನಗೆ ಗೊತ್ತು. ಆದರೆ ಟರ್ಮಿನಲ್ ಎಂದರೆ ಹೆದರುವ ಶಾಲಾ ಶಿಕ್ಷಕರಿಗೂ ಕಚೇರಿಯ ಗುಮಾಸ್ತರಿಗೂ ನೆರವಾಗಲೆಂದೇ ಡೆಸ್ಕ್‌ಟಾಪಿನಲ್ಲಿ ಈ ವ್ಯೂವರ್ ಇರುವುದು, ಮತ್ತು ಅದರಲ್ಲಿ ಏನೂ ಓದಲಾಗದೆ ಸೋಲುವವರೂ ಅವರೇ. ಥೀಮಿನ ಬಣ್ಣ, ಬಳಕೆದಾರರು ಆರಿಸಿದ ಗಾತ್ರ, ಪೂರ್ತಿ ಕಾಣುವ ಸಾಲು: ಸಾಧಾರಣ ಟೆಕ್ಸ್ಟ್ ಎಡಿಟರುಗಳಲ್ಲಿ ವರ್ಷಗಳಿಂದ ಇರುವ ಈ ಸೌಲಭ್ಯಗಳನ್ನು ಲಾಗ್ ವ್ಯೂವರಿಗೂ ಕೊಡಿ.