"ಮಸ್ತ್ ಅದ ಅಣ್ಣಾ" ಅಂದ್ರ ಫೋಟೋ ಸುಧಾರಿಸಂಗಿಲ್ಲ

ಕಲಬುರಗಿ, ಬೀದರ, ಯಾದಗಿರಿ ಕಡೆ ಹವ್ಯಾಸಕ್ಕೆ ಕ್ಯಾಮೆರಾ ಹಿಡಿದವರ ನಡುವೆ ಎರಡೇ ಮಾತು ಓಡಾಡುತ್ತವೆ. ಒಂದು, "ಮಸ್ತ್ ಬಂದದ ಅಣ್ಣಾ." ಇನ್ನೊಂದು, "ಇನ್ನಾ ಛಲೋ ತಗೀಬೇಕಿತ್ರಿ." ಎರಡನ್ನು ಕೇಳಿದರೂ ನಾಳೆ ಎಲ್ಲಿ ನಿಲ್ಲಬೇಕು, ಯಾವ ಸೆಟ್ಟಿಂಗ್ ಬದಲಿಸಬೇಕು ಎನ್ನುವುದು ತೆಗೆದವರಿಗೆ ತಿಳಿಯುವುದಿಲ್ಲ. ಫೋಟೋದಲ್ಲಿ ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ, ಮತ್ತೆ ಅಲ್ಲಿಗೇ ಹೋದರೆ ಏನು ಮಾಡಬಹುದು, ಈ ಮೂರು ಇದ್ದರೆ ಮಾತ್ರ ಅದು ಉಪಯೋಗಕ್ಕೆ ಬರುವ ಮಾತು. ಎಲ್ಲಿ ಎನ್ನುವುದು ಯಾರಿಗಾದರೂ ಕಾಣುತ್ತದೆ. ನಾವು ಎಡವುವುದು ಯಾಕೆ ಎನ್ನುವಲ್ಲಿ.

"ಶೇಕ್ ಆಗ್ಯದ" ಅನ್ನುವುದನ್ನೇ ತಗೊಳ್ಳಿ. ಫೋಟೋ ಮಬ್ಬಾಗಿದ್ದರೆ ಸಾಕು, ಎಲ್ಲದಕ್ಕೂ ಇದೊಂದೇ ರೋಗದ ಹೆಸರು. ಮಬ್ಬಿಗೆ ಕನಿಷ್ಠ ನಾಲ್ಕು ಕಾರಣಗಳಿವೆ, ನಾಲ್ಕಕ್ಕೂ ಮದ್ದು ಬೇರೆ. ಮೊದಲು 100 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ. ಇಡೀ ಫೋಟೋ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. 200 ಎಂಎಂ ಲೆನ್ಸನ್ನು 1.5 ಕ್ರಾಪ್ ಬಾಡಿಗೆ (ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ) ಹಾಕಿದರೆ ಅದು 300 ಎಂಎಂ ಲೆಕ್ಕ. ಕೈ ಅಲುಗಾಟ ತಡೆಯುವ ಸ್ಟೆಬಿಲೈಸರ್ ಇಲ್ಲದಿದ್ದರೆ ಶಟರ್ ಸ್ಪೀಡ್ ಸುಮಾರು 1/300 ಸೆಕೆಂಡಿಗಿಂತ ನಿಧಾನ ಆಗಬಾರದು. ಹಿಂದಿನ ಗೋಡೆ ಸ್ಪಷ್ಟವಾಗಿದ್ದು ಓಡುವ ಹುಡುಗ ಮಾತ್ರ ಅಳಿಸಿದಂತಿದ್ದರೆ ಕೈಯದು ತಪ್ಪಿಲ್ಲ, ಅಲ್ಲಿ ಸ್ಟೆಬಿಲೈಸರ್ ಇದ್ದೂ ಪ್ರಯೋಜನವಿಲ್ಲ, 1/500ಕ್ಕೆ ಏರಿಸಬೇಕು. ಬೀದರ ಸುತ್ತಿನ ಬಯಲಲ್ಲಿ ಜಿಗಿಯುವ ಕೃಷ್ಣಮೃಗಕ್ಕೆ 1/1000 ಕೂಡ ಕಡಿಮೆ ಬೀಳುವುದುಂಟು. ಕಣ್ಣು ಮಬ್ಬು, ಕಿವಿ ಸ್ಪಷ್ಟ ಅಂದರೆ ಫೋಕಸ್ ತಪ್ಪಿದೆ. ಕ್ರಾಪ್ ಬಾಡಿಯಲ್ಲಿ 50 ಎಂಎಂ ಲೆನ್ಸನ್ನು ಎಫ್ 1.8ರಲ್ಲಿ (ಲೆನ್ಸಿನ ಕಿಂಡಿ ಅಗಲಕ್ಕೆ ತೆರೆದು) ಇಟ್ಟು ಒಂದೂವರೆ ಮೀಟರ್ ದೂರದಿಂದ ಮುಖ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಬರೀ 6 ಸೆಂಟಿಮೀಟರ್ ಆಸುಪಾಸು. ಮೂಗಿನ ತುದಿಯಿಂದ ಕಿವಿವರೆಗಿನ ಅಂತರ ಅದಕ್ಕಿಂತ ಹೆಚ್ಚು. ಕಿಂಡಿ ಕಿರಿದು ಮಾಡಿ ಎಫ್ 4ಕ್ಕೆ ಹೋದರೆ ಆಳ ಎರಡು ಪಟ್ಟಿಗೂ ಮೀರುತ್ತದೆ.

ನಾಲ್ಕನೆಯದು ನಮ್ಮ ಕಡೆಯದೇ ವಿಶೇಷ: ಬಿಸಿಲಿನ ಝಳ. ಏಪ್ರಿಲ್ ಮಧ್ಯಾಹ್ನ ತೊಗರಿ ಕೊಯ್ದ ಖಾಲಿ ಹೊಲದ ಆಚೆ ಕೂತ ಹಕ್ಕಿಯನ್ನು ದೊಡ್ಡ ಟೆಲಿ ಲೆನ್ಸಿನಲ್ಲಿ ತೆಗೆದರೆ, ಕಾದ ನೆಲದಿಂದ ಏಳುವ ಗಾಳಿ ಗೆರೆಗಳನ್ನೆಲ್ಲ ಕಲಕಿಬಿಡುತ್ತದೆ. ನೋಡಿದವರು "ಲೆನ್ಸ್ ಛಲೋ ಇಲ್ರಿ" ಅಂತಾರೆ, ಪಾಪ, ತೆಗೆದವರು ಸಾಲ ಮಾಡಿ ಇನ್ನೊಂದು ಲೆನ್ಸ್ ತರುತ್ತಾರೆ. ಅದರಲ್ಲೂ ಹಾಗೇ ಬರುತ್ತದೆ. ಬೆಳಗ್ಗೆ ನೆಲ ಕಾಯುವ ಮೊದಲು ಹೋಗಬೇಕು, ಇಲ್ಲವೇ ದೂರ ಕಡಿಮೆ ಮಾಡಬೇಕು. ಹಕ್ಕಿ ಎಬ್ಬಿಸಿ ಹತ್ತಿರ ಹೋಗುವುದಲ್ಲ; ಯಾದಗಿರಿ ಜಿಲ್ಲೆಯ ಬೋನಾಳ ಕೆರೆಯ ಪಟ್ಟೆತಲೆ ಬಾತುಗಳ ಹಿಂಡು ಹಾರಿಹೋದ ಫೋಟೋಗೆ ತಾಂತ್ರಿಕ ವಿಮರ್ಶೆ ಬರೆಯುವ ಮೊದಲು, ನೀವೇ ಎಬ್ಬಿಸಿದಿರಾ ಎಂದು ಕೇಳಬೇಕು.

ಕಾರಣ ಸರಿಯಾಗಿ ಹೇಳಿದರೂ, ಮಾಡಲಾಗದ ಪರಿಹಾರ ಹೇಳಿದರೆ ಉಪಯೋಗವಿಲ್ಲ. ಬೀದರ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಂಬಜಿನ ಒಳಮೇಲಿನ ಬಣ್ಣದ ಚಿತ್ತಾರದ ಮಬ್ಬು ಫೋಟೋ ನೋಡಿ ಥಟ್ಟನೆ "ಟ್ರೈಪಾಡ್ ಹಾಕ್ರಿ" ಅನ್ನುತ್ತಾರೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಬೇರೆ ಅನುಮತಿ ಬೇಕು. ಬದಲಿಗೆ, ನೆಲದ ಮೇಲೆ ಬ್ಯಾಗ್ ಇಟ್ಟು, ಅದರ ಮೇಲೆ ಕ್ಯಾಮೆರಾ ಆಕಾಶ ನೋಡುವಂತೆ ಮಲಗಿಸಿ, 2 ಸೆಕೆಂಡ್ ಟೈಮರ್ ಹಾಕಿ ಅನ್ನಿ. ಮೊಬೈಲಾದರೆ ನೈಟ್ ಮೋಡ್ ಬಂದ್ ಮಾಡಲು ಹೇಳಿ. ಎಷ್ಟೋ ಸಲ ಅದು ಸಣ್ಣ ಕುಂಚದ ಗೆರೆಗಳನ್ನು ಮೇಣದಂತೆ ಸವರಿಬಿಡುತ್ತದೆ.

ಬೀದರದ ಮಹಮೂದ್ ಗಾವಾನ್ ಮದರಸಾ (1472) ಫೋಟೋಗೆ "ಡಲ್ ಅದ, ಕಾಂಟ್ರಾಸ್ಟ್ ಏರಿಸ್ರಿ" ಅನ್ನುವುದೂ ಹಾಗೇ. ಅದರ ಮುಖ ಪೂರ್ವಕ್ಕಿದೆ. ಸಂಜೆ ಹೋದರೆ ಹೆಂಚಿನ ಕೆಲಸವೆಲ್ಲ ನೆರಳಲ್ಲಿ, ಹಿಂದಿನ ಆಕಾಶ ಬೆಳ್ಳಗೆ. ಎಡಿಟಿನಲ್ಲಿ ಏನೇ ಮಾಡಿದರೂ ನೆರಳಿನ ಹೆಂಚಿಗೆ ಬಿಸಿಲಿನ ಬಣ್ಣ ಬರದು. "ಬೆಳಗ್ಗೆ ಬರ್ರಿ" ಎನ್ನುವ ಎರಡೇ ಪದದ ಮಾತು ಹತ್ತು ಸ್ಲೈಡರಿಗಿಂತ ಮೇಲು. ಮಿನಾರು ಹಿಂದಕ್ಕೆ ಬಿದ್ದಂತೆ ಕಾಣುತ್ತದೆಯೇ? ಕ್ಯಾಮೆರಾ ಮೇಲಕ್ಕೆತ್ತಿದ್ದರಿಂದ ಹಾಗಾಗಿದೆ. ಹಿಂದೆ ಸರಿದು, ಕ್ಯಾಮೆರಾ ನೆಟ್ಟಗೆ ಹಿಡಿದು, ಕೆಳಗಿನ ಹೆಚ್ಚಿನ ನೆಲ ಕತ್ತರಿಸಬೇಕು. ಆಮೇಲೆ ಸಾಫ್ಟ್‌ವೇರಿನಲ್ಲೇ ನೆಟ್ಟಗೆ ಮಾಡುತ್ತೇನೆ ಅಂದರೆ ಅಂಚುಗಳು ಕತ್ತರಿಸಿ ಹೋಗುತ್ತವೆ, ಸುತ್ತ ಜಾಗ ಬಿಟ್ಟು ತೆಗೆದಿರಬೇಕು.

ಬಿದರಿ ಸಾಮಾನಿನ ಫೋಟೋಗಳಲ್ಲಿ ಬಹುತೇಕ ಎಲ್ಲರದೂ ಒಂದೇ ತಪ್ಪು: ಕಪ್ಪು ಲೋಹ ಬೂದು ಬಣ್ಣದ್ದಾಗಿ ಬಂದಿರುತ್ತದೆ. ಕ್ಯಾಮೆರಾದ ಬೆಳಕಿನ ಮೀಟರಿಗೆ ಕಪ್ಪು ಕಂಡರೆ ಬೆಳಕು ಸಾಲದು ಎಂದು ತಿಳಿದು ಎಕ್ಸ್‌ಪೋಷರ್ ಏರಿಸುತ್ತದೆ, ಬೆಳ್ಳಿ ಕುಸುರಿ ಬಿಳಿ ಮಚ್ಚೆಯಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಟ್ಟು ಶುರು ಮಾಡಿ, ಫ್ಲ್ಯಾಶ್ ಬೇಡವೇ ಬೇಡ, ಕಿಟಕಿಗೆ ಬಿಳಿ ಪಂಚೆ ಕಟ್ಟಿದರೆ ಆಯಿತು. ಯಾದಗಿರಿ ಜಿಲ್ಲೆಯ ಮೈಲಾಪುರ ಜಾತ್ರೆಯ ಭಂಡಾರದ (ಎರಚುವ ಅರಿಷಿಣ ಪುಡಿಯ) ಫೋಟೋದಲ್ಲೂ ಹೀಗೇ ಒಂದು ಮೋಸವಿದೆ. ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಂ ನಕ್ಷೆ ಸರಿಯಾಗಿ ಕಂಡರೂ ಅರಿಷಿಣದಲ್ಲಿ ಕೆಂಪು ಚಾನೆಲ್ ಒಂದೇ ತುಂಬಿ ಹರಿದಿರುತ್ತದೆ, ಪುಡಿಯ ಕಣಗಳೆಲ್ಲ ಮಾಯ, ಹಳದಿ ಬಣ್ಣ ಬಳಿದಂತಿರುತ್ತದೆ. ಮೂರೂ ಬಣ್ಣದ ಹಿಸ್ಟೋಗ್ರಾಂ ಹಚ್ಚಿ ನೋಡಲು ಹೇಳಿ.

ಇನ್ನು, ಎಲ್ಲವೂ ತಪ್ಪಲ್ಲ. ಕಲಬುರಗಿ ಕೋಟೆಯ ಜಾಮಾ ಮಸೀದಿಗೆ (1367) ತೆರೆದ ಅಂಗಳವಿಲ್ಲ, ಪೂರ್ತಿ ಮೇಲ್ಛಾವಣಿಯೇ. ಒಳಗಿನ ಕಮಾನುಗಳ ಕತ್ತಲು ತೋರಿಸಲು ಹೋದವರಿಗೆ ಆಚೆಯ ಬೆಳಕು ಬಿಳಿಯಾಗಿ ಸುಟ್ಟಿದ್ದರೆ ಅದು ಅವರ ಆಯ್ಕೆಯೂ ಇರಬಹುದು. ಮೊದಲು "ಏನ್ ತೋರಿಸ್ಬೇಕಂತಿದ್ರಿ?" ಎಂದು ಕೇಳಿ, ಆಮೇಲೆ ಹೇಳಿ. ನೀವಾದರೆ ಹೇಗೆ ತೆಗೆಯುತ್ತಿದ್ದಿರಿ ಎನ್ನುವುದು ಅವರಿಗೆ ಬೇಡ. ಮದುವೆ ಫೋಟೋದ ಕಪ್ಪು ಮುಖಗಳನ್ನು ಬಿಳಿ ಮಾಡಿಸುವ ಸಲಹೆಯಂತೂ ಯಾರಿಗೂ ಬೇಡ.

ಕೇಳುವವರದ್ದೂ ಅರ್ಧ ತಪ್ಪಿರುತ್ತದೆ. ಮೂವತ್ತು ಫೋಟೋ ಒಮ್ಮೆಲೇ ಕಳಿಸಿ "ಹ್ಯಾಂಗದಾವ?" ಅಂದರೆ ಮಸ್ತ್ ಎನ್ನದೆ ಮತ್ತೇನು ಅಂದಾರು? ಮೂರೇ ಕಳಿಸಿ, ಪ್ರತಿಯೊಂದಕ್ಕೆ ಒಂದೊಂದು ಪ್ರಶ್ನೆ ಕೇಳಿ. ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳಿಸಿದರೆ 6000 ಪಿಕ್ಸೆಲ್ ಅಗಲದ ಫೋಟೋ 1600ರ ಆಸುಪಾಸಿಗೆ ಇಳಿಯುತ್ತದೆ, ಶಟರ್ ಸ್ಪೀಡ್, ಐಎಸ್‌ಒ ಮಾಹಿತಿಯೂ ಅಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಅದಕ್ಕಿಂತ ಒಳ್ಳೆಯದು 8×12 ಇಂಚಿನ ಪ್ರಿಂಟ್. 300 ಡಿಪಿಐಗೆ 2400×3600 ಪಿಕ್ಸೆಲ್ ಸಾಕು. ಪ್ರಿಂಟ್ ಮೇಜಿನ ಮೇಲಿದ್ದರೆ ಒಬ್ಬರ ಮೊಬೈಲಿನ ಬ್ರೈಟ್‌ನೆಸ್, ಇನ್ನೊಬ್ಬರದರ ವಿವಿಡ್ ಮೋಡ್ ಜಗಳವೇ ಇಲ್ಲ.

ಹೇಳಿದ್ದನ್ನು ಕೇಳುವಾಗ ಕಷ್ಟದ ಕೆಲಸ ಒಂದೇ: ಸುಮ್ಮನಿರುವುದು. "ಅಲ್ಲಿ ಜಾಗನೇ ಇರಲಿಲ್ರಿ" ಎನ್ನುವ ಮಾತು ಫೋಟೋದಲ್ಲಿ ಕಾಣುವುದಿಲ್ಲ. ಮೂರು ಮಂದಿ ಒಂದೇ ಮೂಲೆಗೆ ಬೆರಳು ಇಟ್ಟರೆ ಆ ಮೂಲೆಯಲ್ಲಿ ಏನೋ ತಪ್ಪಿರುವುದು ಖರೇ. ಅವರು ಹೇಳಿದ ಮೂರು ಪರಿಹಾರಗಳೂ ತಪ್ಪಿರಬಹುದು. ಜಾಗವನ್ನು ನಂಬಿ, ಮದ್ದನ್ನು ನೀವೇ ಹುಡುಕಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹಳೆಯದರ ಪಕ್ಕ ಇಟ್ಟು, ಹೇಳಿದವರಿಗೇ ಮತ್ತೆ ತೋರಿಸಿ. ಕೆಲವು ಸಲ ಅವರೇ "ಮೊದಲಿಂದೇ ಛಲೋ ಇತ್ತಲ್ರಿ" ಅಂದುಬಿಡುತ್ತಾರೆ. ಅಷ್ಟರಲ್ಲಿ ಹಳೆಯ ಫೈಲ್ ಅಳಿಸಿರಬೇಡಿ, ಅಷ್ಟೇ.