ಗುತ್ತಿಗೆದಾರನಿಗೆ ರಕ್ಷಣೆ ಕೊಡಿ, ಆದರೆ ತೋಟದವನಿಗೆ ಉತ್ತರ ಹೇಳುವವರು ಯಾರು?

ಸರ್ಕಾರ ಹೇಳಿದಂತೆಯೇ ಕಾಮಗಾರಿ ಮಾಡಿದ ಗುತ್ತಿಗೆದಾರರನ್ನು ಅದರಿಂದಾದ ನಷ್ಟಕ್ಕೆ ಹೊಣೆ ಮಾಡದಂತೆ ಕಾನೂನಿನ ರಕ್ಷಣೆ ಬೇಕು ಎಂದರೆ ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಯಾರಿಗೂ ರುಚಿಸುವುದಿಲ್ಲ. ಮೊದಲ ಮಳೆಗೇ ಡಾಂಬರು ಎದ್ದ ರಸ್ತೆಯನ್ನೂ ಧರೆಯ (ಕಡಿದ ಗುಡ್ಡದ ಬದಿಯ) ಜೊತೆಗೇ ಮಗುಚಿದ ತಡೆಗೋಡೆಯನ್ನೂ ಎಲ್ಲರೂ ಕಂಡಿದ್ದಾರೆ. ಆದರೂ ನಾನು ಆ ರಕ್ಷಣೆಯ ಪರ. ಷರತ್ತು ಒಂದೇ: ಗುತ್ತಿಗೆದಾರನ ಹೆಗಲಿನಿಂದ ಇಳಿಸಿದ ಹೊಣೆಯನ್ನು ಸರ್ಕಾರ ತಾನು ಹೊರಬೇಕು.

ನಮ್ಮ ಹೋಬಳಿಯ ಒಂದು ಮೋರಿಯ ಕತೆ ಹೇಳುತ್ತೇನೆ. ಹಳ್ಳ ದಾಟುವ ಜಾಗದಲ್ಲಿ ಅಂದಾಜು ಪಟ್ಟಿಯಲ್ಲಿದ್ದದ್ದು ಹ್ಯೂಮ್ ಪೈಪ್, ಅಂದರೆ ದುಂಡನೆಯ ಕಾಂಕ್ರೀಟ್ ಕೊಳವೆ. ಗುತ್ತಿಗೆದಾರ ಇಲ್ಲಿಯವನೇ. ಆ ಹಳ್ಳ ಮಳೆಗಾಲದಲ್ಲಿ ನೀರಿನ ಜೊತೆ ಮರದ ಕೊಂಬೆ, ಬಿದಿರ ಹಿಂಡು ಎಲ್ಲವನ್ನೂ ಹೊತ್ತು ತರುತ್ತದೆ ಎಂದು ಅವನಿಗೆ ಗೊತ್ತು. "ಸಾರ್, ಪೈಪ್ ಕಟ್ಟಿಕೊಳ್ಳುತ್ತದೆ, ಇಲ್ಲಿಗೆ ಸ್ಲ್ಯಾಬ್ ಮೋರಿಯೇ ಬೇಕು" ಎಂದ. "ಪಟ್ಟಿಯಲ್ಲಿ ಇರುವುದನ್ನು ಮಾಡಿ, ಬದಲಾಯಿಸಿದರೆ ಬಿಲ್ ಆಗುವುದಿಲ್ಲ" ಎಂಬ ಉತ್ತರ ಎಂಜಿನಿಯರ್ ಕಡೆಯಿಂದ ಬಂತು. ಎಲ್ಲವೂ ಬಾಯಿಮಾತು. ಪುನರ್ವಸು ಮಳೆಯಲ್ಲಿ ಪೈಪ್ ಕಟ್ಟಿಕೊಂಡು ನೀರು ರಸ್ತೆಯ ಮೇಲೇರಿತು, ಏರಿಯನ್ನು ಕೊರೆಯಿತು, ಮಣ್ಣು ಮರಳೆಲ್ಲ ಕೆಳಗಿನ ಅಡಿಕೆ ತೋಟಕ್ಕೆ ನುಗ್ಗಿ ಬಸಿಗಾಲುವೆಗಳನ್ನು ಮುಚ್ಚಿಹಾಕಿತು. ಬಸಿಗಾಲುವೆ ಮುಚ್ಚಿದ ತೋಟದಲ್ಲಿ ಬೇರು ಕೊಳೆಯುತ್ತದೆ, ಆ ನಷ್ಟ ಒಂದು ವರ್ಷದ ಫಸಲಿಗೆ ಮುಗಿಯುವುದಿಲ್ಲ. ತೋಟದ ಯಜಮಾನರು ಗುತ್ತಿಗೆದಾರನನ್ನು ಕೇಳಿದರೆ "ನಕ್ಷೆ ನನ್ನದಲ್ಲ". ಕಚೇರಿಗೆ ಹೋದರೆ "ದೋಷ ಹೊಣೆಗಾರಿಕೆ ಅವಧಿ (ಕೆಟ್ಟದ್ದನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ) ಮುಗಿದಿಲ್ಲ, ಗುತ್ತಿಗೆದಾರನನ್ನೇ ಕೇಳಿ". ಕೊನೆಗೆ ಗುತ್ತಿಗೆದಾರ ಕೈಯಿಂದ ಹಣ ಹಾಕಿ ಅದೇ ಜಾಗದಲ್ಲಿ ಅದೇ ಅಳತೆಯ ಪೈಪ್ ಕೂರಿಸಿದ. ತೋಟಕ್ಕೆ ನಯಾಪೈಸೆ ಬರಲಿಲ್ಲ.

ಇಂಥದೇ ಒಂದು ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1940ರಲ್ಲೇ ತೀರ್ಮಾನವಾಗಿದೆ. ಮಿಸೌರಿ ನದಿಯಲ್ಲಿ ಸರ್ಕಾರಕ್ಕಾಗಿ ಒಡ್ಡು ಕಟ್ಟಿದ ಕಂಪನಿಯ ಕೆಲಸದಿಂದ ತಮ್ಮ 95 ಎಕರೆ ಕೊಚ್ಚಿ ಹೋಯಿತೆಂದು ಜಮೀನಿನವರು ದಾವೆ ಹೂಡಿದ್ದರು. ಯಿಯರ್ಸ್ಲಿ ಪ್ರಕರಣ ಎನ್ನುತ್ತಾರೆ. ಸರ್ಕಾರ ಕಾನೂನುಬದ್ಧವಾಗಿ ಒಪ್ಪಿಸಿದ ಕೆಲಸವನ್ನು ಒಪ್ಪಿಸಿದಂತೆಯೇ ಮಾಡಿದ ಗುತ್ತಿಗೆದಾರ ಹೊಣೆಗಾರನಲ್ಲ ಎಂದಿತು ನ್ಯಾಯಾಲಯ. ರಕ್ಷಣೆ ಕೇಳುವವರು ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸುತ್ತಾರೆ. ತೀರ್ಪಿನ ಇನ್ನೊಂದು ಭಾಗವೂ ಇದೆ: ಸರ್ಕಾರ ಜಮೀನು ತೆಗೆದುಕೊಂಡಂತಾಗಿದ್ದರೆ ಅದರ ಪರಿಹಾರವನ್ನು ಸರ್ಕಾರದಿಂದಲೇ ಪಡೆಯುವ ದಾರಿ ಜಮೀನಿನವರಿಗೆ ತೆರೆದಿದೆ. ಆ ದಾರಿ ಇದ್ದುದರಿಂದಲೇ ಗುತ್ತಿಗೆದಾರನನ್ನು ಬಿಟ್ಟಿದ್ದು ನ್ಯಾಯವಾಯಿತು.

ಅದೇ ನ್ಯಾಯಾಲಯದ 1988ರ ಬಾಯ್ಲ್ ಪ್ರಕರಣ ಸೇನೆಯ ಹೆಲಿಕಾಪ್ಟರಿನದು. ಸಮುದ್ರಕ್ಕೆ ಬಿದ್ದ ಹೆಲಿಕಾಪ್ಟರಿನ ತುರ್ತು ಬಾಗಿಲು ಹೊರಕ್ಕೆ ತೆರೆಯುವಂಥದ್ದು. ನೀರಿನ ಒತ್ತಡಕ್ಕೆ ಅದು ತೆರೆಯಲಿಲ್ಲ, ಸಹ ಪೈಲಟ್ ಮುಳುಗಿ ಸತ್ತರು ಎಂಬುದು ಮನೆಯವರ ವಾದ. ತಯಾರಕರಿಗೆ ರಕ್ಷಣೆ ಸಿಗಬೇಕಾದರೆ ಮೂರು ಸಂಗತಿ ಇರಬೇಕೆಂದು ನ್ಯಾಯಾಲಯ ಹೇಳಿತು: ಸರ್ಕಾರ ಖಚಿತವಾದ ವಿವರಗಳಿಗೆ ಒಪ್ಪಿಗೆ ಕೊಟ್ಟಿರಬೇಕು, ಕೆಲಸ ಅದರಂತೆಯೇ ಆಗಿರಬೇಕು, ತನಗೆ ಗೊತ್ತಿದ್ದು ಸರ್ಕಾರಕ್ಕೆ ಗೊತ್ತಿಲ್ಲದ ಅಪಾಯವನ್ನು ತಯಾರಕ ಮೊದಲೇ ತಿಳಿಸಿರಬೇಕು. ಆ ಮೂರನೆಯದು ನಮ್ಮ ಮಲೆನಾಡಿಗೆ ತೀರಾ ಬೇಕು. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹಳ್ಳ ಎಷ್ಟು ಎತ್ತರಕ್ಕೆ ಬರುತ್ತದೆ, ಯಾವ ಧರೆಯ ಹಿಂದೆ ಜಲ ಇದೆ, ತಡೆಗೋಡೆಯಲ್ಲಿ ನೀರು ಹೊರಬರಲು ಎಲ್ಲೆಲ್ಲಿ ತೂತು ಬಿಡಬೇಕು ಎಂಬುದು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಎಂಜಿನಿಯರಿಗಿಂತ ಸ್ಥಳದ ಮೇಸ್ತ್ರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮಲ್ಲಿ ಸಮಸ್ಯೆ ಎಲ್ಲಿದೆ? ಸರ್ಕಾರವೇ ಜಾರಿಕೊಳ್ಳುವ ದಾರಿ ಇಟ್ಟುಕೊಂಡಿದೆ. 1965ರ ಕಸ್ತೂರಿಲಾಲ್ ಪ್ರಕರಣದಲ್ಲಿ ಪೊಲೀಸರ ವಶದಲ್ಲಿದ್ದ ಚಿನ್ನವನ್ನು ಹೆಡ್ ಕಾನ್‌ಸ್ಟೆಬಲ್ ಒಬ್ಬ ಹೊತ್ತು ಪಾಕಿಸ್ತಾನಕ್ಕೆ ಓಡಿಹೋಗಿದ್ದ. ಅದು ಸಾರ್ವಭೌಮ ಅಧಿಕಾರದ (ಸರ್ಕಾರ ಮಾತ್ರ ಚಲಾಯಿಸಬಲ್ಲ ಅಧಿಕಾರದ) ಕೆಲಸ, ಹಾಗಾಗಿ ಸರ್ಕಾರ ಹೊಣೆಯಲ್ಲ ಎಂದ ಸುಪ್ರೀಂ ಕೋರ್ಟ್, ಈ ಬಗ್ಗೆ ಶಾಸನವಾಗಬೇಕು ಎಂದೂ ಹೇಳಿತ್ತು. ಕಾನೂನು ಆಯೋಗದ 1956ರ ಮೊದಲ ವರದಿಯ ವಿಷಯವೇ ಇದು. ಸರ್ಕಾರದ ಹೊಣೆಯನ್ನು ಸ್ಪಷ್ಟವಾಗಿ ಹೇಳುವ ಅಂಥ ಕಾಯ್ದೆ ಇನ್ನೂ ಬಂದಿಲ್ಲ. ನಂತರದ ತೀರ್ಪುಗಳು ಸರ್ಕಾರದ ಈ ನೆಪವನ್ನು ಸಾಕಷ್ಟು ಕಿರಿದು ಮಾಡಿವೆ, ನಿಜ. ಆದರೆ ಎರಡು ಎಕರೆ ತೋಟದವರು ಅದನ್ನು ನಂಬಿ ಶಿವಮೊಗ್ಗದ ಕೋರ್ಟಿಗೆ ಎಷ್ಟು ವರ್ಷ ಅಲೆಯಬೇಕು?

ಕ್ರಿಮಿನಲ್ ಮೊಕದ್ದಮೆಯಲ್ಲೂ ಇದೇ ತಾರತಮ್ಯ. ಕರ್ತವ್ಯ ನಿರ್ವಹಣೆಯಲ್ಲಿ ಆದದ್ದಕ್ಕೆ ಹಿರಿಯ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಯಲು ಸರ್ಕಾರದ ಪೂರ್ವಾನುಮತಿ ಬೇಕು. ಕ್ರಿಮಿನಲ್ ಮೊಕದ್ದಮೆಗಳ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಆ ಅನುಮತಿಗೆ 120 ದಿನಗಳ ಗಡುವು ಹಾಕಿದ್ದೇ ಈಗಿನ ಸುಧಾರಣೆ. ನಕ್ಷೆಗೆ ಸಹಿ ಹಾಕಿದವರಿಗೆ ಈ ಬೇಲಿ ಇದೆ, ನಕ್ಷೆಯಂತೆ ಕಟ್ಟಿದವನಿಗೆ ಇಲ್ಲ.

ಹಾಗೆಂದು ಕಳಪೆ ಕೆಲಸದವರನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಸಿಮೆಂಟು ಕದ್ದವನಿಗೆ, ಹಣ ಉಳಿಸಲು ಧರೆಯನ್ನು ನೆಟ್ಟಗೆ ಕಡಿದವನಿಗೆ ಯಾವ ರಕ್ಷಣೆಯೂ ಸಲ್ಲದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಘಟ್ಟದ ಮೇಲಿನ ನಾವೆಲ್ಲ ನಡುಗಿದ್ದೇವೆ. ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಸಂಭವಿಸಿದರೂ ದಂಡ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಒಂದು ಜೀವಕ್ಕೆ ಇದು ನಾಚಿಕೆಗೇಡು.

ನಾನು ಕೇಳುವುದು ಇಷ್ಟು. ವಿನ್ಯಾಸದ ಬಗ್ಗೆ ಗುತ್ತಿಗೆದಾರ ಲಿಖಿತ ಆಕ್ಷೇಪ ಕೊಟ್ಟರೆ ಕಾರ್ಯಪಾಲಕ ಎಂಜಿನಿಯರ್ ಕಾಂಕ್ರೀಟ್ ಬೀಳುವ ಮೊದಲೇ ಲಿಖಿತ ಉತ್ತರ ಕೊಡಬೇಕು. ಎರಡರ ಪ್ರತಿಯೂ ಗ್ರಾಮ ಪಂಚಾಯಿತಿಯಲ್ಲಿ ಯಾರು ಕೇಳಿದರೂ ಸಿಗಬೇಕು. ಆಕ್ಷೇಪ ತಳ್ಳಿಹಾಕಿ ಕಟ್ಟಿಸಿದ ಮೋರಿ ಕೊಚ್ಚಿಹೋದರೆ ತೋಟದವರಿಗೆ ಇಲಾಖೆಯೇ ಪರಿಹಾರ ಕೊಡಲಿ, ಗುತ್ತಿಗೆದಾರನ ಠೇವಣಿಗೆ ಕೈ ಹಾಕದಿರಲಿ. ಆಕ್ಷೇಪ ಬರೆದವನನ್ನು ಮುಂದಿನ ಟೆಂಡರಿನಲ್ಲಿ ಸತಾಯಿಸುತ್ತಾರೆ ಎಂಬ ಹೆದರಿಕೆ ನಮ್ಮ ಸಣ್ಣ ಗುತ್ತಿಗೆದಾರರಿಗೆ ಇದೆ, ಅದು ಸುಳ್ಳಲ್ಲ. ಆದ್ದರಿಂದ ಆಕ್ಷೇಪ ಕೊಡುವುದನ್ನು ಅವರವರ ಧೈರ್ಯಕ್ಕೆ ಬಿಡದೆ ಟೆಂಡರ್ ಕರಾರಿನಲ್ಲೇ ಕಡ್ಡಾಯ ಮಾಡಿ: ಕೆಲಸ ಆರಂಭಿಸುವ ಮೊದಲು ಪ್ರತಿಯೊಬ್ಬ ಗುತ್ತಿಗೆದಾರನೂ ಸ್ಥಳ ನೋಡಿ, ಕಂಡ ಅಪಾಯವನ್ನು ಬರೆದು, ಸ್ವೀಕೃತಿ ಪಡೆಯಲಿ.