ಸ್ಕೆಲಿಗ್ ಮೈಕಲ್: ಹಕ್ಕಿಗಳ ಬಂಡೆಗೆ ಜನ ಇಳಿಯಬೇಕಾ?

ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕೆರ್ರಿ ಕೌಂಟಿ ಇದೆ. ಅಲ್ಲಿನ ದಡದಿಂದ ಸುಮಾರು 12 ಕಿ.ಮೀ. ಆಚೆ, ಅಟ್ಲಾಂಟಿಕ್ ಸಾಗರದಲ್ಲಿ, ಎರಡು ಚೂಪು ಬಂಡೆಗಳು ಎದ್ದು ನಿಂತಿವೆ. ದೊಡ್ಡದು ಸ್ಕೆಲಿಗ್ ಮೈಕಲ್. ಎತ್ತರ 218 ಮೀಟರ್, ವಿಸ್ತಾರ ಬರೀ 22 ಹೆಕ್ಟೇರ್‌ನಷ್ಟು. ಚಿಕ್ಕದು ಲಿಟಲ್ ಸ್ಕೆಲಿಗ್. ದೊಡ್ಡ ಬಂಡೆಯ ಮೇಲೆ ಕ್ರೈಸ್ತ ಸನ್ಯಾಸಿಗಳ ಹಳೆಯ ಮಠವಿದೆ. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಸಿಗೆ ಬಂತೆಂದರೆ ಸಾವಿರಾರು ಕಡಲಹಕ್ಕಿಗಳು ಇಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಪ್ರವಾಸಿಗರನ್ನು ಬಂಡೆಯ ಮೇಲೆ ಇಳಿಸುವುದೂ ಅದೇ ಕಾಲದಲ್ಲಿ, ಮೇ ಮಧ್ಯದಿಂದ ಸುಮಾರು ಸೆಪ್ಟೆಂಬರ್ ಕೊನೆಯವರೆಗೆ. ಹೀಗೆ ಇಳಿಸುವುದು ಸರಿಯೇ?

ಪರ: ಇಳಿಯಲಿ, ಆದರೆ ಲೆಕ್ಕದಲ್ಲಿ

ಮೊದಲಿಗೆ ಒಂದು ಮಾತು. ಈ ಬಂಡೆ ಮನುಷ್ಯರನ್ನು ಕಾಣದ ಕಾಡಲ್ಲ. ಸಾವಿರ ವರ್ಷಕ್ಕೂ ಹಿಂದೆ ಸನ್ಯಾಸಿಗಳು ಚಿಕ್ಕ ದೋಣಿಗಳಲ್ಲಿ ಇಲ್ಲಿಗೆ ಬಂದರು. ಬಂಡೆಯ ಮೈಗೆ 600ಕ್ಕೂ ಹೆಚ್ಚು ಮೆಟ್ಟಿಲು ಕಟ್ಟಿದರು. ಮೇಲೆ ಗಾರೆಯೇ ಇಲ್ಲದೆ, ಕಲ್ಲಿನ ಮೇಲೆ ಕಲ್ಲಿಟ್ಟು, ಜೇನುಗೂಡಿನ ಆಕಾರದ ಗುಡಿಸಲು ಕಟ್ಟಿದರು. ಆರು ಗುಡಿಸಲು ಇವತ್ತಿಗೂ ಇವೆ. 9ನೇ ಶತಮಾನದಲ್ಲಿ ವೈಕಿಂಗರು ಎಂಬ ಕಡಲ ದಾಳಿಕೋರರು ದಾಳಿ ಮಾಡಿದರು. ಆಮೇಲೂ ಸನ್ಯಾಸಿಗಳು ಶತಮಾನಗಳ ಕಾಲ ಇಲ್ಲೇ ಇದ್ದರು. 1826ರಲ್ಲಿ ದೀಪಸ್ತಂಭ ಬಂತು. 1987ರಲ್ಲಿ ಅದು ತಾನಾಗಿಯೇ ಉರಿಯುವಂತೆ ಆಗುವವರೆಗೆ ಅದನ್ನು ನೋಡಿಕೊಳ್ಳುವವರು ಇಲ್ಲಿ ಇರುತ್ತಿದ್ದರು. ಇಷ್ಟೂ ಕಾಲ ಹಕ್ಕಿಗಳೂ ಇದ್ದವು. ಅಷ್ಟೇ ಅಲ್ಲ, ಅವುಗಳಲ್ಲಿ ಕೆಲವಕ್ಕೆ ಮನೆ ಕಟ್ಟಿಕೊಟ್ಟವರೇ ಆ ಸನ್ಯಾಸಿಗಳು. ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಕಡಲಹಕ್ಕಿ ಮಠದ ಗೋಡೆಯ ಸಂದುಗಳಲ್ಲೇ ಗೂಡು ಮಾಡುತ್ತದೆ. ಹಕ್ಕಿ ಮತ್ತು ಮನುಷ್ಯ ಇಬ್ಬರೂ ಸೇರಿ ಆದ ಜಾಗ ಇದು. ಒಬ್ಬರನ್ನು ಪೂರ್ತಿ ಹೊರಗಿಟ್ಟರೆ ಅದರ ಅರ್ಥವೇ ಅರ್ಧವಾಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ದಿನಕ್ಕೆ ಸುಮಾರು 180 ಜನರಿಗೆ ಮಾತ್ರ ಅವಕಾಶ. ಪರವಾನಗಿ ಇರುವ ದೋಣಿಗಳಲ್ಲೇ ಬರಬೇಕು, ಒಂದು ದೋಣಿಗೆ 12 ಜನ. ಎಷ್ಟೋ ದಿನ ಅಲೆ ಜಾಸ್ತಿ ಎಂದು ಒಂದು ದೋಣಿಯೂ ಹೊರಡುವುದಿಲ್ಲ. ಸರ್ಕಾರ ಹಾಕುವುದಕ್ಕಿಂತ ಬಿಗಿಯಾದ ಕಡಿವಾಣವನ್ನು ಕಡಲೇ ಹಾಕುತ್ತದೆ. ಮೇಲೆ ಅಂಗಡಿ ಇಲ್ಲ, ಹೋಟೆಲ್ ಇಲ್ಲ, ರಾತ್ರಿ ಉಳಿಯುವಂತಿಲ್ಲ. ಗೈಡ್‌ಗಳು ಇರುತ್ತಾರೆ. ಮೆಟ್ಟಿಲು ಬಿಟ್ಟು ಆಚೀಚೆ ಹೋದರೆ ತಕ್ಷಣ ಕರೆಯುತ್ತಾರೆ. ಡಬ್ಲಿನ್, ಕಾರ್ಕ್ ಕಡೆ ಇರುವ ಕನ್ನಡಿಗರಲ್ಲಿ ಹೋಗಲು ಆಸೆಪಟ್ಟವರನ್ನು ಕೇಳಿ. ತಿಂಗಳುಗಳ ಮೊದಲೇ ಸೀಟು ಕಾದಿರಿಸಬೇಕು, ಆಮೇಲೂ ಹವಾಮಾನವನ್ನು ನಂಬಿಕೊಂಡು ಕೂರಬೇಕು. ಸುಮ್ನೆ ಮೋಜಿಗೆ ಬರುವವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಹಕ್ಕಿಗಳಿಗೆ ತೊಂದರೆಯಾಗುತ್ತದಲ್ಲ ಎಂದು ಕೇಳುತ್ತಾರೆ. ವೇಲ್ಸ್‌ನ ಸ್ಕೋಮರ್ ದ್ವೀಪವನ್ನು ನೋಡಿ. ಅಲ್ಲಿ ದಿನಕ್ಕೆ 250 ಜನ ಇಳಿಯುತ್ತಾರೆ, ಪಫಿನ್ ಎಂಬ ಕಡಲಹಕ್ಕಿ ಗೂಡು ಮಾಡುವ ಬಿಲಗಳ ಪಕ್ಕದಲ್ಲೇ ನಡೆಯುತ್ತಾರೆ. ಅಲ್ಲಿನ ಪಫಿನ್‌ಗಳ ಸಂಖ್ಯೆ ಕಡಿಮೆಯಾಗಿಲ್ಲ, ಏರುತ್ತಾ ಬಂದು 40 ಸಾವಿರ ದಾಟಿದೆ. ಜನ ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ, ಒಂದೇ ರೀತಿ ಬಂದು ಹೋದರೆ ಹಕ್ಕಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಈಗ ಅವುಗಳ ಜೀವ ಹಿಂಡುತ್ತಿರುವುದು ಬಿಸಿಯಾಗುತ್ತಿರುವ ಕಡಲು, ಕಡಿಮೆಯಾಗುತ್ತಿರುವ ಸಣ್ಣ ಮೀನು, ಹಕ್ಕಿಜ್ವರ. ಬಂಡೆಯ ಮೇಲಿನ 180 ಜನರನ್ನು ತಡೆದರೆ ಇದರಲ್ಲಿ ಯಾವುದೂ ನಿಲ್ಲುವುದಿಲ್ಲ.

ಪಫಿನ್ ಒಂದು ಮಾರು ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತದೆ. ಕಿತ್ತಳೆ ಕಾಲು, ಬಣ್ಣಬಣ್ಣದ ಕೊಕ್ಕು, ಕೊಕ್ಕಿನಲ್ಲಿ ಅಡ್ಡಡ್ಡ ಜೋಡಿಸಿಕೊಂಡ ಮೀನು. ಇದನ್ನು ಎದುರಿಗೇ ಕಂಡ ಮಗುವಿಗೆ ಆ ಮೀನು ಎಲ್ಲಿಂದ ಬಂತು, ನಾಳೆಯೂ ಸಿಗುತ್ತದಾ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಕಡಲಿನ ಮೀನುಗಾರಿಕೆ ನಿಯಮ ಬಿಗಿಯಾಗಬೇಕಾದರೆ ಅಂಥ ಪ್ರಶ್ನೆ ಕೇಳುವ ಮತದಾರರು ಬೇಕು. ದೂರದಿಂದ ಚುಕ್ಕಿಯಂತೆ ಕಂಡ ಹಕ್ಕಿಯಿಂದ ಅದು ಆಗದು.

ವಿರೋಧ: ದೋಣಿಯಿಂದ ನೋಡಿದರೆ ಸಾಕು

ಸನ್ಯಾಸಿಗಳ ಮಾತನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಆದರೆ ಅವರು ಕೆಲವೇ ಮಂದಿ, ವರ್ಷವಿಡೀ ಅದೇ ಮುಖಗಳು. ದಿನವೂ ಹೊಸ 180 ಜೋಡಿ ಬೂಟುಗಳು ಹತ್ತಿ ಇಳಿಯುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ.

ಕ್ಯಾಲೆಂಡರ್ ತೆಗೆದು ನೋಡೋಣ. ಪಫಿನ್ ವರ್ಷದ ಹೆಚ್ಚಿನ ಕಾಲ ನಡುಗಡಲಿನಲ್ಲೇ ಇರುತ್ತದೆ. ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ನೆಲಕ್ಕೆ ಬರುತ್ತದೆ, ಆಗಸ್ಟ್ ಮೊದಲಲ್ಲಿ ಮರಳಿ ಹೋಗುತ್ತದೆ. ನೆಲದ ಮೇಲೆ ಅದಕ್ಕಿರುವುದು ಇಷ್ಟೇ ಸಮಯ. ಇಡುವುದು ಒಂದೇ ಮೊಟ್ಟೆ. ಕಾವು ಕೊಡಲು ಸುಮಾರು 40 ದಿನ, ಮರಿ ಬೆಳೆದು ಬಿಲದಿಂದ ಹೊರಬೀಳಲು ಮತ್ತೆ ಅಷ್ಟೇ. ಅಪ್ಪ-ಅಮ್ಮ ಇಬ್ಬರೂ ದಿನವಿಡೀ ಮೀನು ತರುತ್ತಿರಬೇಕು. ಬಿಲದ ಬಾಯಿ ಹತ್ತಿರ ಜನ ಕ್ಯಾಮೆರಾ ಹಿಡಿದು ಕೂತರೆ, ಕೊಕ್ಕಿನ ತುಂಬ ಮೀನಿರುವ ಹಕ್ಕಿ ಇಳಿಯದೆ ಗಾಳಿಯಲ್ಲೇ ಸುತ್ತು ಹಾಕುತ್ತದೆ. ಸುತ್ತು ಹಾಕಿದಷ್ಟೂ ಗಲ್ ಹಕ್ಕಿಗಳು ಮೀನು ಕಸಿಯಲು ಬರುತ್ತವೆ. ಒಳಗೆ ಮರಿ ಹಸಿದು ಕೂತಿರುತ್ತದೆ. ನಮಗೆ 'ಎಷ್ಟು ಸಾಧು ಹಕ್ಕಿ' ಎನಿಸುವ ಫೋಟೊದಲ್ಲಿ ಇದು ಕಾಣುವುದಿಲ್ಲ.

ಪಫಿನ್ ಹಗಲಿನ ಹಕ್ಕಿ, ಹಾಗಾಗಿ ಎಲ್ಲರ ಕಣ್ಣಿಗೆ ಬೀಳುತ್ತದೆ. ನನಗೆ ಹೆಚ್ಚು ಚಿಂತೆ ಕಾಣದ ಹಕ್ಕಿಗಳದ್ದು. ಸ್ಟಾರ್ಮ್ ಪೆಟ್ರೆಲ್ ತೂಕದಲ್ಲಿ ಗುಬ್ಬಚ್ಚಿಯಷ್ಟೇ, 25 ಗ್ರಾಂ ಆಸುಪಾಸು. ಹಗಲೆಲ್ಲ ಸಂದಿಯೊಳಗೆ ಮೊಟ್ಟೆಯ ಮೇಲೆ ಕೂತಿರುತ್ತದೆ, ಇಲ್ಲವೇ ಕಡಲಿನಲ್ಲಿ ಇರುತ್ತದೆ. ಬರುವುದು ಹೋಗುವುದು ಕತ್ತಲಲ್ಲಿ ಮಾತ್ರ. ಅದರ ಮರಿ ಹಾರಲು ಎರಡು ತಿಂಗಳಿಗೂ ಹೆಚ್ಚು ಬೇಕು. ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿ ಕೂಡ ರಾತ್ರಿಯದೇ. ಅದರ ಕಾಲುಗಳು ಮೈಯ ಹಿಂಭಾಗಕ್ಕೆ ಇರುವುದರಿಂದ ನೆಲದ ಮೇಲೆ ಸರಿಯಾಗಿ ನಡೆಯಲಾರದು, ಚಳಿಗಾಲಕ್ಕೆ ಮಾತ್ರ ದಕ್ಷಿಣ ಅಮೆರಿಕದ ಕರಾವಳಿಯವರೆಗೆ ಹಾರಿ ಹೋಗುತ್ತದೆ. ಇಂಥ ಹಕ್ಕಿಗಳ ಬಿಲಗಳು ತೆಳುವಾದ ಮಣ್ಣಿನಲ್ಲಿವೆ. ಒಂದು ಹೆಜ್ಜೆ ದಾರಿ ತಪ್ಪಿದರೆ ಬಿಲ ಕುಸಿಯುತ್ತದೆ. ಗಾರೆಯಿಲ್ಲದ ಗೋಡೆಗೆ ಒಬ್ಬರು ಒರಗಿದರೆ ಕಲ್ಲು ಅಲ್ಲಾಡುತ್ತದೆ. ಒಳಗೆ ಜೀವವಿದೆ ಎಂಬುದು ಒರಗಿದವರಿಗೆ ಗೊತ್ತೇ ಆಗುವುದಿಲ್ಲ.

ಸ್ಕೋಮರ್ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಅದು ಸುಮಾರು 290 ಹೆಕ್ಟೇರಿನ ದ್ವೀಪ, ಮೇಲ್ಭಾಗ ಹೆಚ್ಚಾಗಿ ಸಮತಟ್ಟು. ಜನ ಒಂದು ಕಡೆ ಇದ್ದರೆ ಹಕ್ಕಿಗೆ ಇನ್ನೊಂದು ಕಡೆ ಜಾಗವಿದೆ. ಸ್ಕೆಲಿಗ್ ಮೈಕಲ್ ಅದರ ಹತ್ತನೇ ಒಂದು ಭಾಗವೂ ಇಲ್ಲ, ಹೆಚ್ಚಿನದೆಲ್ಲ ಕಡಿದಾದ ಗೋಡೆ. ಜನ ಹತ್ತುವುದು ಅದೇ ಒಂದು ಮೆಟ್ಟಿಲು ಸಾಲು, ಅದರ ಇಕ್ಕೆಲದಲ್ಲೇ ಗೂಡುಗಳು.

ಇಲಿಯ ಮಾತನ್ನು ಮರೆಯಬಾರದು. ಇಂಗ್ಲೆಂಡಿನ ಲಂಡಿ ದ್ವೀಪದಲ್ಲಿ ಹಿಂದೆ ಹಡಗುಗಳ ಜೊತೆ ಬಂದ ಇಲಿಗಳು ಮೊಟ್ಟೆ, ಮರಿ ತಿಂದು ಹಕ್ಕಿಗಳನ್ನು ಮುಗಿಸುವ ಹಂತಕ್ಕೆ ತಂದಿದ್ದವು. 2006ರಲ್ಲಿ ದ್ವೀಪವನ್ನು ಇಲಿ ಮುಕ್ತ ಎಂದು ಘೋಷಿಸಿದ ಮೇಲೆ ಪಫಿನ್, ಶಿಯರ್‌ವಾಟರ್ ಮತ್ತೆ ಹೆಚ್ಚಾದವು. ಸ್ಕೆಲಿಗ್‌ನಂಥ ಕಡಿದಾದ ಬಂಡೆಯಲ್ಲಿ ಇಲಿ ಹೊಕ್ಕರೆ ಹಿಡಿಯುವುದು ಇನ್ನೂ ಕಷ್ಟ. ಇಳಿಯುವ ಚೀಲ, ಪೆಟ್ಟಿಗೆ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಕಡಲು ಬಿಸಿಯಾಗುತ್ತಿದೆ, ಹಕ್ಕಿಜ್ವರ ಇದೆ ಎನ್ನುವುದು ನಿಜ. ಹಾಗೆಂದೇ ನಮ್ಮ ಕೈಯಲ್ಲಿರುವ ತೊಂದರೆಯನ್ನಾದರೂ ಮೊದಲು ಕಡಿಮೆ ಮಾಡಬೇಕಲ್ವಾ? ಪಫಿನ್ ಈಗ ಐರ್ಲೆಂಡಿನ ಕೆಂಪು ಪಟ್ಟಿಯಲ್ಲಿದೆ, ಅಂದರೆ ಹೆಚ್ಚು ಆತಂಕದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿ. ಕಿಟಿವೇಕ್ ಎಂಬ ಕಡಲಹಕ್ಕಿ ಕೂಡ ಇದೆ. 2022ರಲ್ಲಿ ಹಕ್ಕಿಜ್ವರ ಬಂದಾಗ ಇಂಗ್ಲೆಂಡಿನ ಫಾರ್ನ್ ದ್ವೀಪಗಳಿಗೆ ಜನ ಇಳಿಯುವುದನ್ನೇ ನಿಲ್ಲಿಸಿದರು. ಮುಂದಿನ ವರ್ಷವೂ ಬಿಡಲಿಲ್ಲ. ಕಾಯಿಲೆ ಬಂದ ಮೇಲೆ ಮಾಡಿದ್ದನ್ನು ಬರುವ ಮೊದಲೇ ಮಾಡಬಾರದೇಕೆ? ಸ್ಕೆಲಿಗ್‌ನಲ್ಲಿ ಆದದ್ದು ಉಲ್ಟಾ. 2014ರ ಜುಲೈನಲ್ಲಿ, ಮರಿಗಳು ಇನ್ನೂ ಗೂಡಿನಲ್ಲಿದ್ದಾಗ, ದೊಡ್ಡ ಹಾಲಿವುಡ್ ಸಿನಿಮಾ ಚಿತ್ರೀಕರಣಕ್ಕೆ ಅನುಮತಿ ಕೊಟ್ಟರು. ಪಕ್ಷಿಪ್ರಿಯರು ಆತಂಕ ಹೇಳಿಕೊಂಡರು. ಆ ಸಿನಿಮಾದಿಂದಾಗಿ ಬಂಡೆಯ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು, ಬರಲು ಬಯಸುವವರೂ ಹೆಚ್ಚಾದರು.

ಜನರ ಜೀವದ ಪ್ರಶ್ನೆಯೂ ಇದೆ. ಒದ್ದೆ ಮೆಟ್ಟಿಲು, ಹೆಚ್ಚಿನ ಕಡೆ ಹಿಡಿಯಲು ಕಂಬಿ ಇಲ್ಲ. 2009ರಲ್ಲಿ ಇಬ್ಬರು ಬಿದ್ದು ತೀರಿಕೊಂಡರು.

ಹಾಗಾದರೆ ದೋಣಿಯವರ ಹೊಟ್ಟೆಪಾಡು? ಉತ್ತರ ಪಕ್ಕದಲ್ಲೇ ಇದೆ. ಲಿಟಲ್ ಸ್ಕೆಲಿಗ್ ಮೇಲೆ ಯಾರನ್ನೂ ಇಳಿಸುವುದಿಲ್ಲ. ಅಲ್ಲಿ ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಗಳು ಸುಮಾರು 35 ಸಾವಿರ ಜೋಡಿ ಗೂಡು ಕಟ್ಟುತ್ತವೆ, ಐರ್ಲೆಂಡಿನಲ್ಲೇ ಅತಿ ದೊಡ್ಡ ನೆಲೆ. ಹಕ್ಕಿಗಳು ಮತ್ತು ಅವುಗಳ ಹಿಕ್ಕೆಯಿಂದ ಬಂಡೆಯೇ ಬೆಳ್ಳಗೆ ಕಾಣುತ್ತದೆ. ದೋಣಿ ಕೆಳಗೆ ನಿಧಾನವಾಗಿ ಸುತ್ತುತ್ತದೆ. ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಹತ್ತಿರ ಅಗಲವಾಗುವ ಈ ಹಕ್ಕಿ ರೆಕ್ಕೆ ಮಡಚಿ, 30 ಮೀಟರ್ ಎತ್ತರದಿಂದ ನೀರಿಗೆ ಬಾಣದ ಹಾಗೆ ಬೀಳುತ್ತದೆ. ಇದನ್ನು ನೋಡಲು ಯಾರೂ ಬಂಡೆಯ ಮೇಲೆ ಕಾಲಿಡಬೇಕಿಲ್ಲ. ಎರಡೂ ಬಂಡೆಗಳನ್ನು ಸುತ್ತಿ ಬರುವ ದೋಣಿಗಳು ಈಗಲೂ ಇವೆ. ಅದನ್ನೇ ಮುಖ್ಯ ಪ್ರವಾಸ ಮಾಡಲಿ.

ಮಠ ನೋಡಲೇಬೇಕು ಎನ್ನುವವರಿಗೆ ಆಗಸ್ಟ್ ಮಧ್ಯದ ನಂತರ ಬಾಗಿಲು ತೆರೆಯಬಹುದು. ಆಗ ಪಫಿನ್‌ಗಳು ಹೋಗಿರುತ್ತವೆ. ಪೆಟ್ರೆಲ್ ಮರಿಗಳು ಮಾತ್ರ ಗೋಡೆಯೊಳಗೆ ಇನ್ನೂ ಇರುತ್ತವೆ. ಆದ್ದರಿಂದ ಆಗಲೂ 180 ಬೇಡ, ಅದರ ಅರ್ಧ ಸಾಕು. ಗೋಡೆ ಮುಟ್ಟುವಂತಿಲ್ಲ, ಪ್ರತಿ ಗುಂಪಿನ ಜೊತೆ ಒಬ್ಬ ಗೈಡ್ ಇರಲೇಬೇಕು. ದೋಣಿ ಹತ್ತುವ ಮೊದಲು ದಡದಲ್ಲೇ ಎಲ್ಲರ ಚೀಲ ಬಿಚ್ಚಿ ನೋಡಬೇಕು. ಇದರಿಂದ ಕೆಲವರಿಗೆ ನಿರಾಸೆಯಾಗುತ್ತದೆ, ಗೊತ್ತು. ಆದರೂ ನಾನು ಕೇಳುವುದು ಇದನ್ನೇ.